ರೇಸ್ ಚಾಲಕರ ಹೆಸರಿನ ಕಾರುಗಳು: ಹೆಸರಿಗೆಷ್ಟು, ಯಂತ್ರಕ್ಕೆಷ್ಟು?

ಪ್ರಸಿದ್ಧ ರೇಸ್ ಅಥವಾ ರ‍್ಯಾಲಿ ಚಾಲಕರ ಹೆಸರಿನಲ್ಲಿ ಕಾರು ಕಂಪೆನಿಗಳು ಆಗಾಗ ಸೀಮಿತ ಸಂಖ್ಯೆಯ ಕಾರುಗಳನ್ನು ಬಿಡುಗಡೆ ಮಾಡುತ್ತವೆ. ಇವು ರೇಸ್ ಕಾರುಗಳಲ್ಲ. ನಂಬರ್ ಪ್ಲೇಟ್ ಹಾಕಿ ರಸ್ತೆಯಲ್ಲಿ ಓಡಿಸುವ ಕಾರುಗಳೇ. ಆದರೆ ಮಾಮೂಲಿ ಮಾಡೆಲ್‌ಗಿಂತ ಬೆಲೆ ಜಾಸ್ತಿ. ಆ ಜಾಸ್ತಿ ಹಣ ಯಾವುದಕ್ಕೆ ಅಂತ ಕೇಳಿದರೆ ಎಲ್ಲ ಕಾರಿಗೂ ಒಂದೇ ಉತ್ತರ ಇಲ್ಲ. ಕೆಲವದರಲ್ಲಿ ಎಂಜಿನ್, ಟರ್ಬೊವರೆಗೂ ಬದಲಾವಣೆ ಉಂಟು. ಕೆಲವದರಲ್ಲಿ ಬಣ್ಣ, ಸೀಟು, ಸಹಿ ಇಷ್ಟೇ. ಇಂಥ ಕಾರುಗಳ ವೀಡಿಯೊ ನೋಡುವ, ಊರಲ್ಲೋ ಗಲ್ಫಿನಲ್ಲೋ ಹಳೇ ಕಾರು ಹುಡುಕುವ ನಮ್ಮ ಹುಡುಗರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ಹೆಸರಿಗೂ ಬೆಲೆ ಕಟ್ಟಿದ ಮಿನಿ ಕೂಪರ್

ಹೆಸರು ಮಾರಾಟಕ್ಕೆ ಬಂದ ಕಥೆಯಲ್ಲಿ ಮೊದಲು ನೆನಪಾಗುವುದು ಮಿನಿ ಕೂಪರ್. ಜಾನ್ ಕೂಪರ್ ಸ್ವತಃ ರೇಸ್ ಓಡಿಸಿದವರಾದರೂ ಹೆಸರಾದದ್ದು ರೇಸ್ ಕಾರು ಕಟ್ಟುವುದರಲ್ಲಿ. ಜಾಕ್ ಬ್ರಭಾಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಕೂಪರ್ ಕಾರಿನಲ್ಲಿ. 1961ರಲ್ಲಿ ಪುಟ್ಟ ಮಿನಿಗೆ ಅವರ ಹೆಸರು ಬಂತು. 848 ಸಿಸಿ ಎಂಜಿನ್ ಜಾಗಕ್ಕೆ 997 ಸಿಸಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಮಾರಾಟವಾದ ಪ್ರತಿ ಕಾರಿಗೆ ಕೂಪರ್‌ಗೆ 2 ಪೌಂಡ್ ರಾಯಲ್ಟಿ ಅಂತ ಒಪ್ಪಂದ. ಮೊದಲು 1,000 ಕಾರು ಸಾಕು ಅಂದುಕೊಂಡಿದ್ದರು. ಆದರೆ 1964, 1965, 1967ರಲ್ಲಿ ಮಿನಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು, ಕಾರು ಲಕ್ಷದ ಲೆಕ್ಕದಲ್ಲಿ ಹೋಯಿತು. ಮಿನಿ ಈಗ ಬಿಎಂಡಬ್ಲ್ಯು ಕೈಯಲ್ಲಿದೆ, ಕೂಪರ್ ಹೆಸರು ಇನ್ನೂ ಉಳಿದಿದೆ. ಕಾಮರ್ಸ್ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಓದಿದ್ದು ಇದನ್ನೇ.

ನಿಯಮಕ್ಕಾಗಿ ಹುಟ್ಟಿದವು

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡಿದವರಿಗೆ ಗೊತ್ತು, ಅಲ್ಲಿ ಓಡುವ ಕಾರು ಶೋರೂಂ ಕಾರಿನ ಹಾಗೆಯೇ ಕಾಣುತ್ತದೆ. ಅದಕ್ಕೆ ಕಾರಣ ಉಂಟು. ವಿಶ್ವ ರ‍್ಯಾಲಿಯ ಹಿಂದಿನ ‘ಗ್ರೂಪ್ ಎ’ ನಿಯಮದ ಪ್ರಕಾರ ಕಂಪೆನಿ ಸ್ಪರ್ಧೆಗೆ ಇಳಿಸುವ ಕಾರನ್ನು ಮೊದಲು ಸಾವಿರಾರು ಸಂಖ್ಯೆಯಲ್ಲಿ ಜನರಿಗೆ ಮಾರಬೇಕಿತ್ತು. ಇದನ್ನು ಹೋಮೊಲೊಗೇಷನ್ ಅನ್ನುತ್ತಾರೆ.

ಈ ಲೆಕ್ಕದಲ್ಲಿ ಟೊಯೊಟಾ 5,000 ವಿಶೇಷ ಸೆಲಿಕಾ ಜಿಟಿ-ಫೋರ್ ಕಾರುಗಳನ್ನು ತಯಾರಿಸಿತು. ಯುರೋಪಿನಲ್ಲಿ ಅದನ್ನು ಮಾರಿದ್ದು ಕಾರ್ಲೋಸ್ ಸೈಂಜ್ ಹೆಸರಿನಲ್ಲಿ. ಮಾಮೂಲಿ ಸೆಲಿಕಾದ ಟರ್ಬೊ ಗಾಳಿಯನ್ನು ತಂಪು ಮಾಡಲು ಗಾಳಿಯನ್ನೇ ಬಳಸಿದರೆ, ಇದರಲ್ಲಿ ನೀರಿನ ಇಂಟರ್‌ಕೂಲರ್ ಇತ್ತು. ಬಾನೆಟ್ ಕೂಡ ಬೇರೆ. ಅಂದರೆ ಹೆಸರು ಆಮೇಲಿನದ್ದು, ಯಂತ್ರ ಮೊದಲಿನದ್ದು. ಸೈಂಜ್ 1990 ಮತ್ತು 1992ರಲ್ಲಿ ಟೊಯೊಟಾಗೆ ವಿಶ್ವ ಪ್ರಶಸ್ತಿ ತಂದವರು. ಈಗ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ನಡೆಯುವ ಡಾಕರ್ ರ‍್ಯಾಲಿಯನ್ನು 2020 ಮತ್ತು 2024ರಲ್ಲಿ ಗೆದ್ದದ್ದೂ ಇವರೇ. ಫಾರ್ಮುಲಾ ಒನ್‌ನಲ್ಲಿ ಇದೇ ಹೆಸರಿನವರು ಇವರ ಮಗ.

ಗೆಲುವಿನ ಸಂಭ್ರಮಕ್ಕೆ

ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ 4 ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್, ಎಲ್ಲವೂ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ. ಆ ನೆನಪಿಗೆ ಲ್ಯಾನ್ಸರ್ ಎವಲ್ಯೂಷನ್ 6ರ ಟಾಮಿ ಮ್ಯಾಕಿನೆನ್ ಎಡಿಷನ್ ಬಂತು. ಬೇಗ ಸ್ಪಂದಿಸುವ ಟೈಟಾನಿಯಂ ಟರ್ಬೈನಿನ ಟರ್ಬೊ, ಬೇರೆ ಬಂಪರ್, ತಗ್ಗಿಸಿದ ಸಸ್ಪೆನ್ಷನ್, 17 ಇಂಚಿನ ಬಿಳಿ ಚಕ್ರ, ಚಾಲಕನ ಹೆಸರು ಹೊಲಿದ ಸೀಟು. ಇದರಲ್ಲಿ ಹೆಸರೂ ಉಂಟು, ಯಂತ್ರವೂ ಉಂಟು.

ಸುಬರು 1995ರಲ್ಲಿ ಬ್ರಿಟನ್ನಿಗೆ ತಂದ ‘ಸೀರೀಸ್ ಮೆಕ್ರೇ’ ಇಂಪ್ರೆಝಾ ಬೇರೆ ರೀತಿ. ಕಾಲಿನ್ ಮೆಕ್ರೇ ಹೆಸರಿನ 200 ಕಾರುಗಳು. ನೀಲಿ ಬಣ್ಣ, ಬಂಗಾರ ಬಣ್ಣದ ಚಕ್ರ, ರೆಕಾರೊ ಸೀಟು. ಎಂಜಿನ್ ಮಾತ್ರ ಮಾಮೂಲಿ ಟರ್ಬೊ ಮಾಡೆಲ್‌ನದ್ದೇ. ಆದರೂ ಇದಕ್ಕೆ ಬೇಡಿಕೆ ಕುಗ್ಗಿಲ್ಲ. ಅದೇ ವರ್ಷ ಮೆಕ್ರೇ ಚಾಂಪಿಯನ್ ಆದರು. 2007ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು.

ಅಗಲಿದವರ ನೆನಪಿಗೆ

ರಿಚರ್ಡ್ ಬರ್ನ್ಸ್ ಹೆಸರಿನಲ್ಲಿ ಸುಬರು ಎರಡು ಕಾರು ತಂದಿತು. 1999ರ ‘ಆರ್‌ಬಿ5’ ಅವರು ಓಡಿಸುತ್ತಿದ್ದಾಗಲೇ ಬಂದದ್ದು. ಹೆಸರಿನ ಮೊದಲಕ್ಷರಗಳ ಜೊತೆಗಿರುವ 5 ಅವರ ರ‍್ಯಾಲಿ ಕಾರಿನ ಸಂಖ್ಯೆ. ಒಟ್ಟು 444 ಕಾರು. 2001ರ ನವೆಂಬರ್ 25ರಂದು ಬರ್ನ್ಸ್ ವಿಶ್ವ ಚಾಂಪಿಯನ್ ಆದರು. ಸರಿಯಾಗಿ 4 ವರ್ಷದ ನಂತರ, ಅದೇ ನವೆಂಬರ್ 25ರಂದು, ಮೆದುಳಿನ ಗಡ್ಡೆಯಿಂದ ನಿಧನರಾದರು. 2007ರ ‘ಆರ್‌ಬಿ320’ ಅವರ ಸ್ಮರಣೆಗೆ ತಂದದ್ದು. ಎಲ್ಲವೂ ಕಪ್ಪು ಬಣ್ಣದವು, 320 ಅಶ್ವಶಕ್ತಿ, ಕಾರೂ 320 ಮಾತ್ರ.

1994ರಲ್ಲಿ ಇಮೊಲಾ ಟ್ರ್ಯಾಕ್‌ನಲ್ಲಿ ಮೃತಪಟ್ಟ ಅಯರ್ಟನ್ ಸೆನ್ನಾ ತಮ್ಮ ಮೂರೂ ಪ್ರಶಸ್ತಿ ಗೆದ್ದದ್ದು ಮೆಕ್ಲಾರೆನ್ ತಂಡದಲ್ಲಿ. ‘ಮೆಕ್ಲಾರೆನ್ ಸೆನ್ನಾ’ ಕಾರಿನ ಬೆಲೆ 7.5 ಲಕ್ಷ ಪೌಂಡ್, ಸಂಖ್ಯೆ 500. ಕೊನೆಯ ಕಾರನ್ನು ಹರಾಜು ಹಾಕಿದಾಗ 20 ಲಕ್ಷ ಪೌಂಡ್ ಬಂತು. ಆ ಹಣ ಬ್ರೆಜಿಲ್‌ನ ಮಕ್ಕಳ ಶಿಕ್ಷಣಕ್ಕೆ ದುಡಿಯುವ ಅಯರ್ಟನ್ ಸೆನ್ನಾ ಸಂಸ್ಥೆಗೆ ಹೋಯಿತು. ಹೆಸರಿನಿಂದ ಬಂದ ಹಣ ಆ ಹೆಸರಿನವರ ಕೆಲಸಕ್ಕೇ ಸೇರಿದ್ದು ಮೆಚ್ಚಬೇಕಾದ್ದು.

ಬದುಕಿರುವಾಗಲೇ ಇಂಥ ಗೌರವ ಕಂಡವರು ಸ್ಟರ್ಲಿಂಗ್ ಮಾಸ್. 1955ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ರೇಸಿನಲ್ಲಿ ಸುಮಾರು 1,600 ಕಿ.ಮೀ. ದಾರಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿ ಗೆದ್ದರು. ಬೆಳಗ್ಗೆ 7.22ಕ್ಕೆ ಹೊರಟ ಕಾರಣ ಅವರ ಮರ್ಸಿಡಿಸ್ ಕಾರಿನ ಸಂಖ್ಯೆ 722. 2009ರಲ್ಲಿ ಮರ್ಸಿಡಿಸ್ ಅವರ ಹೆಸರಿನ 75 ಎಸ್‌ಎಲ್‌ಆರ್ ಕಾರು ಮಾಡಿತು. ಮಾಡು ಇಲ್ಲ, ಮುಂದಿನ ಗಾಜೂ ಇಲ್ಲ, ವೇಗ ಗಂಟೆಗೆ 350 ಕಿ.ಮೀ.!

ಹೆಸರು ದೊಡ್ಡದು, ಕಾರು ಅದೇ

ಮೈಕೆಲ್ ಶುಮಾಕರ್ ಫೆರಾರಿಯಲ್ಲಿ ಗೆಲ್ಲುತ್ತಿದ್ದ ಕಾಲದಲ್ಲಿ ಫಿಯೆಟ್ ತನ್ನ ಸಣ್ಣ ಸೀಸೆಂಟೊಗೆ ಅವರ ಹೆಸರಿಟ್ಟಿತು. ಬಾಡಿ ಕಿಟ್, ಎಬಿಎಸ್, ಸಹಿ ಎಲ್ಲ ಇತ್ತು. ಎಂಜಿನ್ ಮಾತ್ರ ಅದೇ 1.1 ಲೀಟರ್, 54 ಅಶ್ವಶಕ್ತಿ. ನಮ್ಮ ದೇಶದಲ್ಲೂ ಫಿಯೆಟ್ ಸುಮಾರು ಅದೇ ಕಾಲಕ್ಕೆ ಪಾಲಿಯೊ ‘ಎಸ್10’ ತಂದದ್ದು ಹಿರಿಯರಿಗೆ ನೆನಪಿರಬಹುದು. ಅದು ರೇಸ್ ಚಾಲಕರದ್ದಲ್ಲ, ಸಚಿನ್ ತೆಂಡುಲ್ಕರ್ ಹೆಸರಿನದ್ದು.

ಇದಕ್ಕೆ ವಿರುದ್ಧ ಉದಾಹರಣೆ ಟೊಯೊಟಾದ 2024ರ ಜಿಆರ್ ಯಾರಿಸ್. ಸೆಬಾಸ್ಟಿಯನ್ ಓಜಿಯೆ ಮತ್ತು ಕಾಲ್ಲೆ ರೊವನ್‌ಪೆರಾ ಹೆಸರಿನ ಕಾರುಗಳಲ್ಲಿ ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ರೀತಿಯನ್ನೇ ಆಯಾ ಚಾಲಕರ ಇಷ್ಟದಂತೆ ಹೊಂದಿಸಿದ್ದಾರೆ. ಜಪಾನಿನಲ್ಲಿ ತಲಾ 100 ಕಾರು, ಅದೂ ಚೀಟಿ ಎತ್ತಿ ಆಯ್ಕೆಯಾದವರಿಗೆ.

ಕೊಳ್ಳುವವರು ನೋಡಬೇಕಾದ್ದು

ಒಂದು, ಮಾಮೂಲಿ ಮಾಡೆಲ್‌ನ ವಿವರಪಟ್ಟಿ ಪಕ್ಕದಲ್ಲಿಟ್ಟು ಹೋಲಿಸಿ. ಎಂಜಿನ್, ಟರ್ಬೊ, ಬ್ರೇಕ್, ಸಸ್ಪೆನ್ಷನ್‌ನಲ್ಲಿ ವ್ಯತ್ಯಾಸ ಇಲ್ಲದಿದ್ದರೆ ನೀವು ಕೊಡುವ ಹೆಚ್ಚಿನ ಹಣ ಹೆಸರಿಗೆ ಮಾತ್ರ.

ಎರಡು, ಬ್ಯಾಡ್ಜ್, ಸ್ಟಿಕ್ಕರ್, ಸಂಖ್ಯೆಯ ಫಲಕ ನಂಬಿ ದುಡ್ಡು ಕೊಡಬೇಡಿ. ಇವನ್ನು ಯಾರೂ ಮಾಡಿಸಿ ಅಂಟಿಸಬಹುದು. ಸಾದಾ ಎವಲ್ಯೂಷನ್ 6ಕ್ಕೆ ಮ್ಯಾಕಿನೆನ್ ಬಂಪರ್ ಹಾಕಿದವರೂ ಇದ್ದಾರೆ. ಚಾಸಿಸ್ ನಂಬರನ್ನು ಕಾಗದಪತ್ರದ ಜೊತೆ ತಾಳೆ ನೋಡಿ, ಕಂಪೆನಿ ದಾಖಲೆಯಲ್ಲಿ ವಿಚಾರಿಸಿ.

ಮೂರು, ಬಿಡಿಭಾಗ ಸಿಗುತ್ತದಾ ಕೇಳಿ. 200 ಕಾರಿಗೆ ಮಾಡಿದ ಭಾಗ ಒಡೆದರೆ ಅದಕ್ಕೆ ಬದಲಿ ಹುಡುಕುವುದು ಸುಲಭ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಬರೀ ಹೆಸರಿಗಾಗಿ ಕಾರು ಬೇಕು ಅನ್ನಿಸಿದರೆ ತಪ್ಪಿಲ್ಲ. ಮೆಕ್ರೇ ಕಾರು ಕೊಂಡವರೂ ಹಾಗೇ ಕೊಂಡದ್ದು. ಆದರೆ ಹೆಸರಿಗೆ ಎಷ್ಟು ಕೊಟ್ಟೆ, ಯಂತ್ರಕ್ಕೆ ಎಷ್ಟು ಕೊಟ್ಟೆ ಎಂಬ ಲೆಕ್ಕ ಹಣ ಎಣಿಸುವ ಮೊದಲೇ ಗೊತ್ತಿರಬೇಕು. ಗಲ್ಫಿನ ಬಿಸಿಲಲ್ಲಿ ದುಡಿದ ಅಣ್ಣನ ಉಳಿತಾಯ ಒಂದು ಸ್ಟಿಕ್ಕರ್‌ಗೆ ಹೋಗಬಾರದು.