ಮುರಕಲ್ಲು, ಕಡಲುಪ್ಪು ಮತ್ತು ಆವರ್ತ ಕೋಷ್ಟಕ



ಕುಂದಾಪುರದಿಂದ ಒಳನಾಡಿನ ಕಡೆಗೆ ಹೊರಟರೆ ವಾರಾಹಿ ನದಿಯ ದಂಡೆಯಲ್ಲಿ ಹಟ್ಟಿಯಂಗಡಿ ಸಿಗುತ್ತದೆ. ಆಳುಪರ ಕಾಲದಲ್ಲಿ ಪಟ್ಟಣವಾಗಿ ಮೆರೆದ ಊರಿದು. ಇಲ್ಲಿನ ಸಿದ್ಧಿವಿನಾಯಕ ದೇವಾಲಯವೂ ಜೈನ ಬಸದಿಯೂ ಆ ಹಳಮೆಯನ್ನು ಇಂದಿಗೂ ನೆನಪಿಗೆ ತರುತ್ತವೆ. ಇತಿಹಾಸವನ್ನು ಓದುವವರು ಇಂಥ ಊರಿನಲ್ಲಿ ಶಾಸನಗಳನ್ನು ಹುಡುಕುತ್ತಾರೆ. ಆದರೆ ಯಾವ ಶಾಸನಕ್ಕಿಂತಲೂ ಬಹಳ ಹಳೆಯದಾದ ಒಂದು ದಾಖಲೆ ಇಲ್ಲಿನ ನೆಲದಲ್ಲೇ ಇದೆ. ಅದು ಮನೆಯ ಗೋಡೆಗೂ ತೋಟದ ಪಾಗಾರಕ್ಕೂ ಬಳಸುವ ಕೆಂಪು ಮುರಕಲ್ಲು. ಗ್ರಂಥಗಳಲ್ಲಿ ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ.

ಮುರಕಲ್ಲಿನಲ್ಲಿ ಮುಖ್ಯವಾಗಿ ಇರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು. ಸೋಡಿಯಂ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದೇ ವಾರಾಹಿ ನದಿ ಮುಂದೆ ಹರಿದು ಇತರ ನದಿಗಳೊಡನೆ ಕೂಡಿ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಅಲ್ಲಿ ಲೆಕ್ಕ ತಿರುಗುಮುರುಗು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 10.8 ಗ್ರಾಂ ಸೋಡಿಯಂ ಇರುತ್ತದೆ. ಅಲ್ಯೂಮಿನಿಯಂ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ಇರುವುದು ಅಪರೂಪ. ಆದರೆ ಭೂಮಿಯ ಹೊರಪದರದಲ್ಲಿ ಅಲ್ಯೂಮಿನಿಯಂ ನೂರಕ್ಕೆ ಸುಮಾರು 8 ಭಾಗ. ಸೋಡಿಯಂ 3 ಭಾಗಕ್ಕಿಂತ ಕಡಿಮೆ.

ಆವರ್ತ ಕೋಷ್ಟಕದ ಮೂರನೆಯ ಸಾಲನ್ನು ನೋಡಿ: ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ರಂಜಕ, ಗಂಧಕ, ಕ್ಲೋರಿನ್, ಆರ್ಗಾನ್. ಸೋಡಿಯಂಗೂ ಅಲ್ಯೂಮಿನಿಯಂಗೂ ನಡುವೆ ಇರುವುದು ಒಂದೇ ಮನೆ. ಹಾಗಿದ್ದೂ ಒಂದು ಕಡಲು ಸೇರಿತು, ಇನ್ನೊಂದು ಊರಲ್ಲೇ ಉಳಿಯಿತು. ಏಕೆ? ಈ ಪ್ರಶ್ನೆಗೆ ಉತ್ತರ ಕೂಡಿಬರಲು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಕಥೆಯೇ ಆವರ್ತ ಕೋಷ್ಟಕದ ಕಥೆಯೂ ಹೌದು.

1807: ಒಂದೇ ವರ್ಷ, ಎರಡು ಘಟನೆ

ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯು ತನ್ನ ಕೈಸೇರಿದ ಸೀಮೆಗಳನ್ನು ಪರಿಶೀಲಿಸಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಮೈಸೂರು, ಮಲಬಾರ್‌ಗಳನ್ನು ಸುತ್ತಿದ ಆತ 1801ರ ಆರಂಭದಲ್ಲಿ ಕನ್ನಡ ಜಿಲ್ಲೆಯ ಕರಾವಳಿಗುಂಟ ಕುಂದಾಪುರವನ್ನು ಹಾದು ಉತ್ತರಕ್ಕೆ ಹೋದ. ಅದಕ್ಕೆ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರದಲ್ಲಿ ಅವನು ಒಂದು ವಿಚಿತ್ರ ಕಲ್ಲನ್ನು ಕಂಡಿದ್ದ. ನೆಲದೊಳಗಿರುವಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕಡಿಯಬಹುದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನಮ್ಮ ‘ಜಂಬಿಟ್ಟಿಗೆ’ ಎಂಬ ಮಾತಿನೊಳಗೂ ಇಟ್ಟಿಗೆಯೇ ಇರುವುದನ್ನು ಗಮನಿಸಿ. ಬುಕಾನನ್ನನ ಪ್ರವಾಸ ಗ್ರಂಥ ಮೂರು ಸಂಪುಟಗಳಲ್ಲಿ ಪ್ರಕಟವಾದದ್ದು 1807ರಲ್ಲಿ.

ಅದೇ 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಕರಗಿದ ಕ್ಷಾರಗಳಲ್ಲಿ ವಿದ್ಯುತ್ತನ್ನು ಹರಿಸಿ ಮೊದಲು ಪೊಟ್ಯಾಸಿಯಂ, ಕೆಲವೇ ದಿನಗಳಲ್ಲಿ ಸೋಡಿಯಂ ಲೋಹಗಳನ್ನು ಬೇರ್ಪಡಿಸಿದ. ಚಾಕುವಿನಿಂದ ಕತ್ತರಿಸುವಷ್ಟು ಮೃದುವಾದ, ನೀರಿಗೆ ಬಿದ್ದರೆ ಉರಿದೆದ್ದು ಓಡಾಡುವ ಲೋಹಗಳಿವು. ಮುರಕಲ್ಲಿಗೆ ಹೆಸರು ಸಿಕ್ಕಿತು, ಕಡಲುಪ್ಪಿನ ಲೋಹ ಕೈಗೆ ಸಿಕ್ಕಿತು. ಆದರೆ ಮುರಕಲ್ಲಿನೊಳಗಿನ ಅಲ್ಯೂಮಿನಿಯಂ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಡೇವಿ ಅದಕ್ಕೂ ಪ್ರಯತ್ನಪಟ್ಟು ಸೋತ. ಆಕ್ಸಿಜನ್ನಿನ ಹಿಡಿತದಿಂದ ಅದು ಬಿಡಿಸಿಕೊಂಡದ್ದು 1825ರಲ್ಲಿ, ಡೆನ್ಮಾರ್ಕಿನ ಅರ್ಸ್ಟೆಡ್‌ನ ಪ್ರಯೋಗಶಾಲೆಯಲ್ಲಿ.

ಕ್ರಮವನ್ನು ಅರಸಿದವರು

ಹೊಸ ಮೂಲವಸ್ತುಗಳು ಒಂದರ ಹಿಂದೊಂದು ಬಂದಂತೆ ಅವುಗಳನ್ನು ಜೋಡಿಸುವ ಚಿಂತೆಯೂ ಹುಟ್ಟಿತು. ಜರ್ಮನಿಯ ಡೋಬರೈನರ್ 1829ರಲ್ಲಿ ಮೂರು ಮೂರರ ಗುಂಪುಗಳನ್ನು ತೋರಿಸಿದ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಅಂಥ ಒಂದು ಗುಂಪು. 1865ರಲ್ಲಿ ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಪರಮಾಣು ತೂಕದ ಕ್ರಮದಲ್ಲಿ ಬರೆದರೆ ಎಂಟನೆಯದು ಮೊದಲನೆಯದನ್ನು ಹೋಲುತ್ತದೆ ಎಂದ. ಸಂಗೀತದ ಸ್ವರಗಳಂತೆ ಎಂದು ಅವನು ಹೇಳಿದ್ದಕ್ಕೆ ಸಭೆಯಲ್ಲಿ ನಗೆಯಾಯಿತು.

1869ರಲ್ಲಿ ರಷ್ಯದ ಮೆಂಡಲೀಫ್ ಅಂದು ತಿಳಿದಿದ್ದ 63 ಮೂಲವಸ್ತುಗಳನ್ನು ಜೋಡಿಸಿ ತನ್ನ ಕೋಷ್ಟಕವನ್ನು ಪ್ರಕಟಿಸಿದ. ಮರುವರ್ಷ ಜರ್ಮನಿಯ ಲೋಥರ್ ಮೇಯರ್ ಪರಮಾಣು ಗಾತ್ರದ ನಕ್ಷೆಯನ್ನು ಬರೆದು ತೋರಿಸಿದ. ಆ ನಕ್ಷೆಯ ಗೆರೆ ಸೋಡಿಯಂ, ಪೊಟ್ಯಾಸಿಯಂಗಳಲ್ಲಿ ಶಿಖರಕ್ಕೇರಿ, ನಡುವೆ ಇಳಿದು, ಮತ್ತೆ ಏರುತ್ತದೆ. ಗುಣಗಳು ಮರಳಿ ಮರಳಿ ಬರುತ್ತವೆ ಎಂಬ ಮಾತನ್ನು ಕಣ್ಣಿಗೆ ಕಾಣುವಂತೆ ಮಾಡಿದ ಚಿತ್ರವದು.

ಮೆಂಡಲೀಫನ ಹಿರಿಮೆ ಇರುವುದು ಅವನು ಬಿಟ್ಟ ಖಾಲಿ ಮನೆಗಳಲ್ಲಿ. ಅಲ್ಯೂಮಿನಿಯಂನ ಕೆಳಗೆ ಒಂದು ಮೂಲವಸ್ತು ಇರಲೇಬೇಕೆಂದು ಹೇಳಿ, ಸಂಸ್ಕೃತದ ‘ಏಕ’ ಪದವನ್ನು ಸೇರಿಸಿ ಅದನ್ನು ‘ಏಕ-ಅಲ್ಯೂಮಿನಿಯಂ’ ಎಂದು ಕರೆದ. ಅದರ ಪರಮಾಣು ತೂಕ 68ರ ಹತ್ತಿರ, ಸಾಂದ್ರತೆ 5.9 ಇರಬೇಕೆಂದು 1871ರಲ್ಲಿ ಬರೆದ. 1875ರಲ್ಲಿ ಫ್ರಾನ್ಸಿನ ಬ್ವಾಬೋದ್ರಾನ್ ಗ್ಯಾಲಿಯಂ ಅನ್ನು ಕಂಡುಹಿಡಿದ. ಆದರೆ ಸಾಂದ್ರತೆ 4.7 ಎಂದು ಅಳೆದ. ಲೋಹವನ್ನು ಕಣ್ಣಿನಿಂದಲೂ ನೋಡಿರದ ಮೆಂಡಲೀಫ್, ಶುದ್ಧಗೊಳಿಸಿ ಮತ್ತೆ ಅಳೆಯಿರಿ ಎಂದು ಸೂಚಿಸಿದ. ಮತ್ತೆ ಅಳೆದಾಗ ಬಂದದ್ದು 5.9.

ಈ ಗ್ಯಾಲಿಯಂ ನಮ್ಮ ವಿಷಯಕ್ಕೂ ಹತ್ತಿರದ್ದೇ. ಅದು ಪ್ರಕೃತಿಯಲ್ಲಿ ತನ್ನ ವರ್ಗದ ಹಿರಿಯಣ್ಣನಾದ ಅಲ್ಯೂಮಿನಿಯಂ ಜೊತೆಗೇ ಅಲ್ಪ ಪ್ರಮಾಣದಲ್ಲಿ ಅಡಗಿರುತ್ತದೆ. ಇಂದು ಜಗತ್ತಿಗೆ ಬೇಕಾದ ಗ್ಯಾಲಿಯಂ ಬಹುಪಾಲು ದೊರೆಯುವುದು ಅಲ್ಯೂಮಿನಿಯಂ ಅದಿರಾದ ಬಾಕ್ಸೈಟನ್ನು ಸಂಸ್ಕರಿಸುವಾಗ. ಬಾಕ್ಸೈಟ್ ಎಂದರೆ ಅಲ್ಯೂಮಿನಿಯಂ ಹೆಚ್ಚಾಗಿರುವ ಒಂದು ಬಗೆಯ ಜಂಬಿಟ್ಟಿಗೆಯೇ. ಆದರೂ ಎಲ್ಲ ಗುಣಗಳಲ್ಲೂ ತಮ್ಮ ಅಣ್ಣನಂತಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಗ್ಯಾಲಿಯಂ 29.8ರಲ್ಲೇ. ನಮ್ಮ ಕರಾವಳಿಯ ಬೇಸಗೆಯ ಮಧ್ಯಾಹ್ನ ಅದು ನೆರಳಿನಲ್ಲಿಯೂ ನೀರಾಗುತ್ತದೆ.

ಬೆಂಗಳೂರಿಗೆ ಬಂದ ಕೊನೆಯ ಕಂಬಸಾಲು

ಮೆಂಡಲೀಫನ ಮೊದಲ ಕೋಷ್ಟಕದಲ್ಲಿ ಆರ್ಗಾನ್ ಇರಲಿಲ್ಲ. 1894ರಲ್ಲಿ ರ‍್ಯಾಲೆ ಮತ್ತು ವಿಲಿಯಂ ರಾಮ್ಸೆ ಅದನ್ನು ಗಾಳಿಯಲ್ಲಿ ಕಂಡರು. 1898ರಲ್ಲಿ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದರು. ಹೀಗೆ ಕೋಷ್ಟಕಕ್ಕೆ ಇಡೀ ಒಂದು ಹೊಸ ವರ್ಗವೇ ಸೇರಿತು. ಈ ಇಬ್ಬರಿಗೂ ಕರ್ನಾಟಕದ ನಂಟಿದೆ. ಜಮ್‌ಷೆಡ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಸ್ಥಳ ಹುಡುಕಲು ಭಾರತಕ್ಕೆ ಬಂದ ರಾಮ್ಸೆ ಬೆಂಗಳೂರನ್ನು ಶಿಫಾರಸು ಮಾಡಿದರು. 1909ರಲ್ಲಿ ಸ್ಥಾಪನೆಯಾದ ಆ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು ಟ್ರಾವರ್ಸ್.

ಆರ್ಗಾನ್ ಒಂದು ತೊಡಕನ್ನೂ ತಂದಿತು. ಅದರ ಪರಮಾಣು ತೂಕ ಸುಮಾರು 39.9, ಪೊಟ್ಯಾಸಿಯಂನದು 39.1. ತೂಕದ ಪ್ರಕಾರ ಹೋದರೆ ಯಾವುದರೊಡನೆಯೂ ಸೇರದ ಅನಿಲವು ಸೋಡಿಯಂನ ಕೆಳಗೆ ಬಂದು ಕೂರಬೇಕು! 1913ರಲ್ಲಿ ಹೆನ್ರಿ ಮೋಸ್ಲಿ ಕ್ಷ-ಕಿರಣಗಳ ಪ್ರಯೋಗದಿಂದ, ಕೋಷ್ಟಕದ ನಿಜವಾದ ಆಧಾರ ತೂಕವಲ್ಲ, ಪರಮಾಣುವಿನ ನ್ಯೂಕ್ಲಿಯಸ್ಸಿನ ಧನ ವಿದ್ಯುದಂಶ ಎಂಬುದನ್ನು ತೋರಿಸಿದ. ಆರ್ಗಾನ್ 18, ಪೊಟ್ಯಾಸಿಯಂ 19. ತೊಡಕು ಬಗೆಹರಿಯಿತು. ಎರಡು ವರ್ಷಗಳಲ್ಲಿ, 27ರ ಹರೆಯದಲ್ಲಿ, ಮೋಸ್ಲಿ ಮಹಾಯುದ್ಧದಲ್ಲಿ ಮಡಿದ.

ಸಾಲಿನುದ್ದಕ್ಕೂ ಆಗುವ ಬದಲಾವಣೆ

ಈಗ ಮೂರನೆಯ ಸಾಲಿನಲ್ಲಿ ಎಡದಿಂದ ಬಲಕ್ಕೆ ನಡೆಯೋಣ. ಸೋಡಿಯಂನ ನ್ಯೂಕ್ಲಿಯಸ್ಸಿನಲ್ಲಿ 11 ಪ್ರೋಟಾನುಗಳು, ಆರ್ಗಾನ್‌ನಲ್ಲಿ 18. ಹೊಸದಾಗಿ ಸೇರುವ ಎಲೆಕ್ಟ್ರಾನುಗಳು ಅದೇ ಹೊರಕವಚಕ್ಕೆ ಸೇರುವುದರಿಂದ ಒಂದನ್ನೊಂದು ಅಷ್ಟಾಗಿ ಮರೆಮಾಡುವುದಿಲ್ಲ. ನ್ಯೂಕ್ಲಿಯಸ್ಸಿನ ಸೆಳೆತ ಹೆಚ್ಚುತ್ತಾ ಹೋಗಿ ಪರಮಾಣು ಕುಗ್ಗುತ್ತದೆ. ಸೋಡಿಯಂನ ತ್ರಿಜ್ಯ ಸುಮಾರು 186 ಪಿಕೋಮೀಟರ್, ಕ್ಲೋರಿನ್ನಿನದು 99.

ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಅಯಾನೀಕರಣ ಶಕ್ತಿ ಇದೇ ಕಾರಣಕ್ಕೆ ಏರುತ್ತದೆ. ಒಂದು ಮೋಲ್‌ಗೆ ಸೋಡಿಯಂನಲ್ಲಿ 496 ಕಿಲೋಜೂಲ್, ಆರ್ಗಾನ್‌ನಲ್ಲಿ 1521. ಏರಿಕೆ ಒಂದೇ ಸಮನಾಗಿಲ್ಲ. ಮೆಗ್ನೀಸಿಯಂಗೆ 738 ಇದ್ದರೆ ಅಲ್ಯೂಮಿನಿಯಂಗೆ 578 ಮಾತ್ರ. ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನು ಸ್ವಲ್ಪ ಹೆಚ್ಚಿನ ಶಕ್ತಿಯ ಉಪಕವಚದಲ್ಲಿ ಇರುವುದೇ ಕಾರಣ. ಪರೀಕ್ಷೆಯಲ್ಲಿ ‘ಏರುತ್ತದೆ’ ಎಂದಷ್ಟೇ ಬರೆಯುವವರು ಈ ಇಳಿತವನ್ನು ಮರೆಯಬಾರದು.

ಎಲೆಕ್ಟ್ರಾನು ಕಳೆದುಕೊಂಡು ಅಯಾನಾದಾಗ ವ್ಯತ್ಯಾಸ ಇನ್ನೂ ತೀಕ್ಷ್ಣ. ಸೋಡಿಯಂ ಅಯಾನಿನ ವಿದ್ಯುದಂಶ 1, ತ್ರಿಜ್ಯ 102. ಮೆಗ್ನೀಸಿಯಂಗೆ 2 ಮತ್ತು 72. ಅಲ್ಯೂಮಿನಿಯಂಗೆ 3 ಮತ್ತು ಸುಮಾರು 54. ನೂರು ಪಿಕೋಮೀಟರನ್ನು ಒಂದು ಅಳತೆ ಎಂದಿಟ್ಟುಕೊಂಡು ವಿದ್ಯುದಂಶವನ್ನು ತ್ರಿಜ್ಯದಿಂದ ಭಾಗಿಸಿ: ಸುಮಾರು 1, 2.8, 5.6 ಎಂದು ಬರುತ್ತದೆ. ಇಂಥ ಲೆಕ್ಕಗಳಿಂದ ಕಲ್ಲು ಮಣ್ಣುಗಳ ರಸಾಯನವನ್ನು ವಿವರಿಸಿದವರಲ್ಲಿ ಪ್ರಮುಖನು ನಾರ್ವೆಯ ಗೋಲ್ಡ್‌ಷ್ಮಿಟ್. ಅಯಾನುಗಳ ತ್ರಿಜ್ಯಗಳ ಅವನ ಪಟ್ಟಿ 1926ರಲ್ಲಿ ಬಂತು.

ಈ ಮೂರು ಸಂಖ್ಯೆಗಳಲ್ಲಿ ನಮ್ಮ ಪ್ರಶ್ನೆಯ ಉತ್ತರವಿದೆ. ಸೋಡಿಯಂ ಅಯಾನು ನೀರಿನ ಅಣುಗಳನ್ನು ಸಡಿಲವಾಗಿ ಸುತ್ತಿಕೊಂಡು ತೇಲಿಹೋಗುತ್ತದೆ. ಅಲ್ಯೂಮಿನಿಯಂ ಅಯಾನು ನೀರಿನ ಆಕ್ಸಿಜನ್ನನ್ನು ಎಷ್ಟು ಬಲವಾಗಿ ಎಳೆಯುತ್ತದೆಂದರೆ ನೀರಿನ ಅಣುವಿನಿಂದ ಹೈಡ್ರೋಜನ್ ಕಳಚಿಹೋಗಿ, ಕರಗದ ಹೈಡ್ರಾಕ್ಸೈಡ್ ಆಗಿ ಅಲ್ಲೇ ಕೂರುತ್ತದೆ. ನಾಲ್ಕನೆಯ ಸಾಲಿನ ಕಬ್ಬಿಣಕ್ಕೂ ಗ್ಯಾಲಿಯಂಗೂ ಇದೇ ಲೆಕ್ಕದಲ್ಲಿ 5ರ ಹತ್ತಿರದ ಸಂಖ್ಯೆ ಬರುತ್ತದೆ. ಅವೂ ಅಲ್ಲೇ ಕೂರುತ್ತವೆ. ಇನ್ನೂ ಬಲಕ್ಕೆ ಹೋದರೆ ಗಂಧಕವು ಆಕ್ಸಿಜನ್ನುಗಳನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡು ಸಲ್ಫೇಟ್ ಆಗಿ ಮತ್ತೆ ಕರಗಿ ಕಡಲಿಗೆ ಹೋಗುತ್ತದೆ. ಅಂದರೆ ಸಾಲಿನ ಎರಡು ತುದಿಗಳು ನೀರಿನೊಡನೆ ಹೊರಡುತ್ತವೆ, ನಡುವಿನವು ನಿಲ್ಲುತ್ತವೆ.

ಬಾವಿಯ ಗೋಡೆಯಲ್ಲಿ ಓದಿ

ನಮ್ಮ ಕರಾವಳಿಯಲ್ಲಿ ಬಾವಿ ತೋಡುವವರಿಗೆ ಈ ಪಾಠ ಕಣ್ಣಿಗೇ ಕಾಣುತ್ತದೆ. ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿಯ ಅಥವಾ ನಸುಬಣ್ಣದ ಶೇಡಿ ಮಣ್ಣು, ಎಲ್ಲಕ್ಕಿಂತ ಕೆಳಗೆ ಗಟ್ಟಿ ಶಿಲೆ. ಶಿಲೆಯಲ್ಲಿರುವ ಸೋಡಿಯಂ ಫೆಲ್ಡ್‌ಸ್ಪಾರ್ ಖನಿಜದಲ್ಲಿ ಒಂದು ಅಲ್ಯೂಮಿನಿಯಂ ಪರಮಾಣುವಿಗೆ ಮೂರು ಸಿಲಿಕಾನ್ ಪರಮಾಣುಗಳಿರುತ್ತವೆ. ಶೇಡಿ ಮಣ್ಣಿನ ಮುಖ್ಯ ಖನಿಜವಾದ ಕೇಯೋಲಿನೈಟ್‌ನಲ್ಲಿ ಒಂದಕ್ಕೆ ಒಂದು. ಸೋಡಿಯಂ ಆಗಲೇ ಹೊರಟುಹೋಗಿರುತ್ತದೆ. ಮೇಲಿನ ಮುರಕಲ್ಲಿನಲ್ಲಿ ಉಂಟಾಗುವ ಗಿಬ್ಸೈಟ್ ಬರಿಯ ಅಲ್ಯೂಮಿನಿಯಂ ಹೈಡ್ರಾಕ್ಸೈಡ್; ಸಿಲಿಕಾನ್ ಇಲ್ಲವೇ ಇಲ್ಲ. ಮೂರು, ಒಂದು, ಸೊನ್ನೆ. ವರ್ಷಕ್ಕೆ ಸುಮಾರು 4 ಮೀಟರ್ ಸುರಿಯುವ ಮಳೆಯಂಥ ಮಳೆಯು ಲಕ್ಷಾಂತರ ವರ್ಷ ತೊಳೆದು ಬರೆದ ಲೆಕ್ಕವಿದು. ಸಿಲಿಕಾನ್ ನಿಧಾನವಾಗಿ ಕರಗುತ್ತದೆ, ಆದರೆ ಕಾಲ ಸಿಕ್ಕರೆ ಅದೂ ಹೋಗುತ್ತದೆ. ಕರಗಲು ಒಪ್ಪದ ಬೆಣಚುಕಲ್ಲಿನ ಹರಳುಗಳು ಮಾತ್ರ ಹೊಳೆಯ ಮರಳಾಗಿ ಉಳಿಯುತ್ತವೆ.

ಇದು ಕಲ್ಲಿನ ಮಾತು ಮಾತ್ರವಲ್ಲ, ಅನ್ನದ ಮಾತು ಕೂಡ. ಗಿಡಕ್ಕೆ ಬೇಕಾದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಎಡಬದಿಯವು, ಮಳೆಯೊಡನೆ ಹೊರಟುಹೋಗುವವು. ಹಾಗಾಗಿ ನಮ್ಮ ಕೆಂಪು ಮಣ್ಣು ಹುಳಿಮಣ್ಣು. ಹುಳಿ ಅತಿಯಾದರೆ ಅಲ್ಯೂಮಿನಿಯಂ ಸ್ವಲ್ಪ ಸ್ವಲ್ಪವಾಗಿ ಕರಗಿ ಬೇರಿನ ಬೆಳವಣಿಗೆಯನ್ನು ತಡೆಯುತ್ತದೆ. ಹಾಕಿದ ರಂಜಕದ ಗೊಬ್ಬರವನ್ನೂ ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಹಿರಿಯರು ಗದ್ದೆಗೆ ಬೂದಿ, ಸುಡುಮಣ್ಣು ಹಾಕುತ್ತಿದ್ದರು. ಬೂದಿಯಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ. ಪೊಟ್ಯಾಸಿಯಂ ಎಂಬ ಹೆಸರೇ ಮಡಕೆಯ ಬೂದಿ ಎಂಬರ್ಥದ ಮಾತಿನಿಂದ ಬಂದದ್ದು. ಕಪ್ಪೆಚಿಪ್ಪಿನ ಸುಣ್ಣ ಹಾಕಿದರೆ, ಹೊಳೆ ಕಡಲಿಗೆ ಒಯ್ದ ಕ್ಯಾಲ್ಸಿಯಂ ಅನ್ನು ಮರಳಿ ತಂದಂತೆ. ಇಂದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸುಣ್ಣ, ಪೊಟ್ಯಾಷ್, ರಂಜಕ ಎಂದು ಬರೆದಿರುವುದನ್ನು ನೋಡಿದಾಗ ಅದು ಆವರ್ತ ಕೋಷ್ಟಕದ ಒಂದು ತುಣುಕೆಂದು ಗುರುತಿಸಿ.

ಕೊನೆಗೆ ನಿಮಗೊಂದು ಕೆಲಸ. ಮೂರನೆಯ ಸಾಲಿನ ಎಂಟು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಕೆಳಗೆ ಮೂರು ಸಂಗತಿಗಳನ್ನು ತುಂಬಿ: ಕರಗುವ ಉಷ್ಣತೆ, ಆಕ್ಸೈಡಿನ ಗುಣ, ಅಂದರೆ ಅದು ಕ್ಷಾರೀಯವೋ, ಉಭಯಗುಣಿಯೋ, ಆಮ್ಲೀಯವೋ, ಮತ್ತು ಅದು ನಿಮ್ಮ ಊರಿನ ಮಣ್ಣು, ಮರಳು, ನೀರು, ಗಾಳಿಗಳಲ್ಲಿ ಎಲ್ಲಿ ಹೆಚ್ಚಾಗಿದೆ ಎಂಬುದು. ಆರ್ಗಾನ್‌ಗೆ ಆಕ್ಸೈಡಿನ ಜಾಗ ಖಾಲಿ ಉಳಿಯುತ್ತದೆ. ಅದೂ ಒಂದು ಉತ್ತರವೇ. ಈ ಹಾಳೆ ತುಂಬಿದ ಮೇಲೆ ಕೋಷ್ಟಕವನ್ನು ಬಾಯಿಪಾಠ ಮಾಡುವ ಶ್ರಮ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.