ವೀರಣ್ಣ, ಈರಣ್ಣ, ಯೀರಣ್ಣ: ತುಮಕೂರು ಸೀಮೆಯ ಕುಟುಂಬ ದಾಖಲೆಗಳಲ್ಲಿ ಹೆಸರಿನ ಕಾಗುಣಿತ

ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಮನೆತನಗಳ ಚರಿತ್ರೆಗೆ ಒದಗುವ ಆಕರಗಳಲ್ಲಿ ಕ್ರಯಪತ್ರ, ವಿಭಾಗಪತ್ರ, ಖಾತೆ, ಶಾನುಭೋಗರ ಲೆಕ್ಕಗಳು ಮುಖ್ಯವಾದವು. ಇವುಗಳಲ್ಲಿ ಒಬ್ಬನೇ ವ್ಯಕ್ತಿ ವೀರಣ್ಣ, ಈರಣ್ಣ, ಯೀರಣ್ಣ ಎಂದು ಕಾಣಿಸಿಕೊಳ್ಳಬಹುದು. ಇವನ್ನು ಬರೆದವನ ತಪ್ಪೆಂದು ತಿದ್ದಿಬಿಡುವುದು ಸುಲಭ. ಆದರೆ ಈ ವ್ಯತ್ಯಾಸಗಳಿಗೆ ಕ್ರಮವಿದೆ. ಹಾಗೆಂದು ಕಾಗುಣಿತವೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲೂ ಆಗದು ಎಂಬುದು ಈ ಲೇಖನದ ವಾದ.

ಮೊದಲ ಕಾರಣ ಆಡುನುಡಿ. ಮೊದಲ ಹಕಾರ ಬಿದ್ದು ಹನುಮಯ್ಯ ಅನುಮಯ್ಯನಾಗುತ್ತಾನೆ. ಮಹಾಪ್ರಾಣ ಅಳಿದು ಭೈರಪ್ಪ ಬೈರಪ್ಪನಾಗುತ್ತಾನೆ. ಪದದ ಮೊದಲ ಸ್ವರಕ್ಕೆ ಯಕಾರ, ವಕಾರ ಸೇರಿಸುವ ರೂಢಿಯಿಂದ ಯೀರಣ್ಣ, ವೊಡೆಯರು ಎಂಬ ರೂಪಗಳು ಬಂದಿವೆ. ಲಕ್ಷ್ಮಮ್ಮ ಲಕ್ಕಮ್ಮ ಆಗಬಹುದಾದರೂ, ಲಕ್ಕಮ್ಮ ಸ್ವತಂತ್ರ ಹೆಸರೂ ಆಗಿರುವುದರಿಂದ ಅಲ್ಲಿ ಎಚ್ಚರ ಬೇಕು.

ಎರಡನೆಯದು ಲಿಪಿ. ಹಳೆಯ ಕನ್ನಡ ಬರಹದಲ್ಲಿ ಎ-ಏ, ಒ-ಓ ಭೇದವನ್ನು ಎಲ್ಲೆಡೆ ತೋರಿಸುತ್ತಿರಲಿಲ್ಲ. ಮೈಸೂರಿನ ಲೆಕ್ಕಪತ್ರಗಳಲ್ಲಿ ಬಳಕೆಯಲ್ಲಿದ್ದ ಮರಾಠಿಯ ಮೋಡಿ ಲಿಪಿಯಲ್ಲಿ ಇ-ಈ, ಉ-ಊ ಭೇದವೂ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಮೋಡಿಯಿಂದ ಕನ್ನಡಕ್ಕೆ ನಕಲಾದ ಹೆಸರುಗಳ ಹ್ರಸ್ವ-ದೀರ್ಘಗಳನ್ನು ನೆಚ್ಚುವಂತಿಲ್ಲ.

ಮೂರನೆಯದು ರೋಮನ್ ಬರಹ. ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ನರ ‘ಓಲ್ಡ್ ಡೇನಿಯಲ್’ (1877) ಗುಬ್ಬಿಯನ್ನು ‘ಗೂಬ್ಬೆ’ ಎಂದು ಓದಿಸುವಂತೆ ಬರೆಯುತ್ತದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ತುಮಕೂರು ಜಿಲ್ಲಾ ಸಂಪುಟ (1904) ಚಿಹ್ನೆಗಳಿರುವ ಕ್ರಮಬದ್ಧ ಲಿಪ್ಯಂತರವನ್ನು ಅನುಸರಿಸುತ್ತದೆ. ಜಿಲ್ಲೆಯ ಹೆಸರಿನ ಇಂಗ್ಲಿಷ್ ರೂಪವೇ 2014ರ ನವೆಂಬರ್ 1ರಂದು ‘ತುಮ್ಕೂರ್’ ಹೋಗಿ ‘ತುಮಕೂರು’ ಆಯಿತು. ಹೀಗಾಗಿ ರೋಮನ್ ರೂಪವನ್ನು ಬರೆದವನ ಕಾಲ ಮತ್ತು ಪದ್ಧತಿಯೊಡನೆ ಓದಬೇಕು.

ಇಷ್ಟಾದರೂ ಗುರುತು ನಿಲ್ಲುವುದು ಬೇರೆ ಆಧಾರಗಳ ಮೇಲೆ: ತಂದೆಯನ್ನು ಹೇಳುವ ‘ಬಿನ್’, ಗಂಡನನ್ನು ಹೇಳುವ ‘ಕೋಂ’, ಗ್ರಾಮ, ಸರ್ವೆ ನಂಬರು, ಚಕ್ಕುಬಂದಿ. ಕಂದಾಯ ಭೂಮಾಪನವಾದ ಮೇಲಿನ ದಾಖಲೆಗಳಲ್ಲಿ ಹೆಸರು ಬದಲಾದರೂ ಜಮೀನಿನ ಜಾಡು ಸಿಗುತ್ತದೆ.

ಹೆಚ್ಚಿನ ಅಪಾಯವಿರುವುದು ಬೇರೆ ಬೇರೆ ಕಾಗುಣಿತಗಳಲ್ಲಲ್ಲ, ಒಂದೇ ಕಾಗುಣಿತದಲ್ಲಿ. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯಿಂದ ಎರಡು ತಲೆಮಾರು ಒಂದಾಗಿಬಿಡಬಹುದು. ಎಡೆಯೂರು ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಕುಣಿಗಲ್ ತಾಲ್ಲೂಕಿನಲ್ಲಿ ಸಿದ್ಧಲಿಂಗಯ್ಯ ಎಂಬ ಹೆಸರೊಂದೇ ಯಾರನ್ನೂ ಖಚಿತವಾಗಿ ತೋರಿಸದು.

ಆದ್ದರಿಂದ ಪಾಠದಲ್ಲಿ ಮೂಲ ಕಾಗುಣಿತವನ್ನು ಇದ್ದಂತೆಯೇ ಉಳಿಸಿ, ಪ್ರಮಾಣ ರೂಪವನ್ನು ಸೂಚಿಯಲ್ಲಿ ಮಾತ್ರ ಕೊಡಬೇಕು. ಹೆಸರಿನ ಹೊರತಾಗಿ ಎರಡು ಆಧಾರಗಳಾದರೂ ಕೂಡಿಬರದೆ ಇಬ್ಬರನ್ನು ಒಬ್ಬರೆಂದು ವಂಶವೃಕ್ಷದಲ್ಲಿ ಸೇರಿಸಬಾರದು.