ಕೈರೋದಲ್ಲಿ ಸರಿದ ಮುಸುಕು, ಮರಳಿದ ಹಿಜಾಬ್

1923ರಲ್ಲಿ ರೋಮ್ ನಗರದ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನ ಮುಗಿಸಿ ಬಂದ ಹುದಾ ಶಅರಾವಿ, ಕೈರೋ ರೈಲು ನಿಲ್ದಾಣದಲ್ಲಿ ಎಲ್ಲರೆದುರು ತಮ್ಮ ಮುಖದ ಮುಸುಕನ್ನು ಸರಿಸಿಬಿಟ್ಟರು. ಅಲ್ಲಿಂದ ಮೂರು ನಾಲ್ಕು ದಶಕಗಳಲ್ಲಿ ಈಜಿಪ್ಟಿನ ನಗರಗಳ ಮಧ್ಯಮ ವರ್ಗದ ಮಹಿಳೆಯರು ಮುಸುಕನ್ನು ಬಹುಮಟ್ಟಿಗೆ ಬಿಟ್ಟರು. ಆದರೆ 1970ರ ದಶಕದಲ್ಲಿ ಅದೇ ಕೈರೋದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರು ಹಿಜಾಬ್ ಧರಿಸತೊಡಗಿದರು. ಹಾಗೆಂದು ಯಾವ ಕಾನೂನೂ ಹೇಳಿರಲಿಲ್ಲ. ಕೆಲವು ಮನೆಗಳಲ್ಲಿ ತಂದೆ ತಾಯಿಯರೇ ವಿರೋಧಿಸಿದ್ದುಂಟು. ಓದಿದ ಹೆಣ್ಣುಮಕ್ಕಳು ಹೀಗೇಕೆ ಮಾಡಿದರು?

ಅವರಲ್ಲಿ ಬಹುಪಾಲು ಮಂದಿ ಕೊಡುವ ಮೊದಲ ಉತ್ತರ, ಅದು ದೇವರ ಆಜ್ಞೆ ಎಂಬುದು. ಕುರ್‌ಆನಿನ 24ನೇ ಅಧ್ಯಾಯ ಮೊದಲು ಪುರುಷರಿಗೆ ದೃಷ್ಟಿ ತಗ್ಗಿಸಲು ಹೇಳಿ, ಬಳಿಕ ಸ್ತ್ರೀಯರಿಗೂ ಅದನ್ನೇ ಹೇಳಿ, ಮೇಲುವಸ್ತ್ರದಿಂದ ಎದೆ ಮುಚ್ಚಿಕೊಳ್ಳುವಂತೆ ಸೂಚಿಸುತ್ತದೆ. ಸಾಂಪ್ರದಾಯಿಕ ವಿದ್ವಾಂಸರು ಇದರಲ್ಲಿ ತಲೆ ಮುಚ್ಚುವ ಕಡ್ಡಾಯವನ್ನು ಕಂಡರೆ, ಆಧುನಿಕ ವಿದ್ವಾಂಸರಲ್ಲಿ ಕೆಲವರು ಮರ್ಯಾದೆಯ ನಡೆಯೇ ಇದರ ತಿರುಳು ಎನ್ನುತ್ತಾರೆ.

ಕಾಲದ ಒತ್ತಡವೂ ಇತ್ತು. 1967ರ ಯುದ್ಧದಲ್ಲಿ ಇಸ್ರೇಲಿನ ಎದುರು ಸೋತ ಈಜಿಪ್ಟಿನಲ್ಲಿ ಅನೇಕರ ಮನಸ್ಸು ಧರ್ಮದತ್ತ ಹೊರಳಿತು. 1962ರಲ್ಲಿ ವಿಶ್ವವಿದ್ಯಾಲಯದ ಶಿಕ್ಷಣ ಉಚಿತವಾದ ಮೇಲೆ ಸಣ್ಣ ಊರುಗಳ, ಸಾಧಾರಣ ಕುಟುಂಬಗಳ ಹುಡುಗಿಯರು ರಾಜಧಾನಿಗೆ ಬಂದರು. ಕಿಕ್ಕಿರಿದ ಬಸ್ಸಿನಲ್ಲಿ, ತರಗತಿಯಲ್ಲಿ ಅಪರಿಚಿತ ಗಂಡಸರ ನಡುವೆ ಓಡಾಡಬೇಕಿತ್ತು. ಹಿಜಾಬ್ ತೊಟ್ಟವಳ ಬಗ್ಗೆ ನಾಲ್ಕು ಜನ ಮಾತಾಡುವುದು ಕಡಿಮೆಯಾಯಿತು. ಹೊಸ ಫ್ಯಾಷನ್ನಿಗೆ ಹಣವಿಲ್ಲದವಳಿಗೆ ಸರಳ ಉಡುಪೇ ಘನತೆ ತಂದಿತು.

ಹಳೆಯ ನೋವೊಂದೂ ಇದರೊಡನೆ ಬೆರೆತಿತ್ತು. ಬ್ರಿಟಿಷರ ಪರವಾಗಿ ಈಜಿಪ್ಟನ್ನು ಆಳಿದ ಲಾರ್ಡ್ ಕ್ರೋಮರ್ ಮುಸುಕನ್ನು ಹಿಂದುಳಿದಿರುವಿಕೆಯ ಗುರುತೆಂದು ಹಳಿದಿದ್ದರು. ಅದೇ ಮನುಷ್ಯ ಇಂಗ್ಲೆಂಡಿಗೆ ಮರಳಿ, ಮಹಿಳೆಯರಿಗೆ ಮತದಾನದ ಹಕ್ಕು ಕೊಡಬಾರದೆನ್ನುವ ಸಂಘದ ಮುಂದಾಳಾದರು. ಪರರ ಅಳತೆಗೋಲು ನಮಗೆ ಬೇಡ ಎನ್ನುವವರಿಗೆ ಹಿಜಾಬ್ ಒಂದು ಉತ್ತರವಾಯಿತು.

ಇರಾನಿನ ಅನುಭವ ಇದರ ಇನ್ನೊಂದು ಮುಖ. ಅಲ್ಲಿ 1936ರಲ್ಲಿ ರೆಜಾ ಷಾ ಮುಸುಕನ್ನು ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲೇ ಅದನ್ನು ಕಿತ್ತರು. ಎಷ್ಟೋ ಹೆಂಗಸರು ಹೊರಗೆ ಬರುವುದನ್ನೇ ಬಿಟ್ಟರು. 1978ರಲ್ಲಿ ಷಾ ಮನೆತನದ ವಿರುದ್ಧ ಚಳವಳಿ ನಡೆದಾಗ, ಬರಿದಲೆಯಲ್ಲಿ ಓಡಾಡುತ್ತಿದ್ದವರೂ ಪ್ರತಿಭಟನೆಗಾಗಿ ಚಾದರ ಹೊದ್ದರು. ಆದರೆ ಮರುವರ್ಷ ಮಾರ್ಚಿಯಲ್ಲಿ, ಕಚೇರಿಗಳಿಗೆ ತಲೆ ಮುಚ್ಚಿಯೇ ಬರಬೇಕೆಂದು ಖೊಮೇನಿ ಹೇಳಿದಾಗ ಸಾವಿರಾರು ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಹಿಜಾಬ್ ಧರಿಸದವರಿಗೆ ಶಿಕ್ಷೆಯ ಕಾನೂನು ಬಂತು. 2022ರಲ್ಲಿ ಪೊಲೀಸರ ವಶದಲ್ಲಿದ್ದ ಮಹ್ಸಾ ಅಮೀನಿಯ ಸಾವಿನ ನಂತರ ಅಲ್ಲಿನ ಹೆಣ್ಣುಮಕ್ಕಳು ಅದನ್ನು ಸುಟ್ಟರು.

ಮನೆಯವರ, ನೆರೆಹೊರೆಯವರ ಮಾತಿಗೆ ಅಂಜಿ ತೊಡುವವರು ಎಲ್ಲೆಡೆಯೂ ಇದ್ದಾರೆ. ಹಾಗೆಂದು ತೊಟ್ಟವರೆಲ್ಲ ಅಂಜಿದವರಲ್ಲ. ಅಂದು ಕೈರೋ ನಿಲ್ದಾಣದಲ್ಲಿ ಹುದಾ ಸರಿಸಿದ್ದು ಮುಖದ ಮುಸುಕನ್ನು ಮಾತ್ರ; ತಲೆಯ ವಸ್ತ್ರವನ್ನು ಉಳಿಸಿಕೊಂಡಿದ್ದರು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಅವರೇ ತೀರ್ಮಾನಿಸಿದ್ದರು.